ಹಸಿದ ಕರುವಿನ ದನಿ

ಅಗರಖೇಡ, ಫೆಬ್ರುವರಿ ೧೨, ಗುರುವಾರ

ರೇಣವ್ವನಂಥ ಕಲ್ಲು ಮನಸ್ಸಿನ ಹೆಂಗಸನ್ನು ನಾನು ನೋಡಿಲ್ಲ ಎಂದು ಬರೆಯಲೆಂದೇ ಕೂತೆ.

ಅವಳ ಎಮ್ಮೆಯ ಕರು ಸತ್ತು ವಾರವಾಯಿತು. ಇಲ್ಲಿಯ ರೂಢಿಯಂತೆ ಅದರ ತೊಗಲಿನೊಳಗೆ ಜೋಳದ ಒಣ ದಂಟಿನ ಕಣಿಕೆ ತುಂಬಿ, ಹಾಲು ಹಿಂಡುವ ಹೊತ್ತಿಗೆ ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದಳು. ಎಮ್ಮೆ ಮೂಸುತ್ತಿತ್ತು, ಹಾಲು ಇಳಿಸುತ್ತಿರಲಿಲ್ಲ. ದನಗಳ ಕೂಗಿನ ಅಧ್ಯಯನಕ್ಕೆಂದು ಈ ಊರಿಗೆ ಬಂದ ನನಗೆ ಬೇಕಾದದ್ದೂ ಇಂಥದೇ. ಇಂದು ಆ ತೊಗಲಿನೊಳಗೆ ಸ್ಪೀಕರ್ ಅಡಗಿಸಿ, ಕ್ಯಾಮೆರಾ ಇಟ್ಟು, ಕರುವಿನ ಹಸಿವಿನ ಕೂಗು ಹಚ್ಚಿದೆ. ಅದು ಬದುಕಿದ್ದಾಗ ತಾಯಿಯಿಂದ ದೂರ ಕಟ್ಟಿಸಿ ರೆಕಾರ್ಡ್ ಮಾಡಿದ್ದು. ಎಮ್ಮೆ ಕಿವಿ ನಿಮಿರಿಸಿ ಕೂಗಿತು, ಕಣಿಕೆಯ ಕರುವನ್ನು ನೆಕ್ಕತೊಡಗಿತು. ಬಕೆಟ್ ತುಂಬಿತು. ವಿಡಿಯೊ ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

"ಬಾಯಾರ, ಆ ದನಿ ನನ್ನ ಮೊಬೈಲಿಗೆ ಹಾಕಿ ಕೊಡ್ರಿ. ದಿನಾ ಎರಡೂ ಹೊತ್ತು ಹಚ್ತೇನಿ," ಎಂದಳು ರೇಣವ್ವ.

ಹಾಕಿಕೊಟ್ಟೆ. ಆಮೇಲೆ ದೊಡ್ಡ ದಯಾಳುವಿನಂತೆ ಹೇಳಿದೆ: "ರೇಣವ್ವಾ, ಇದರಾಗ ಹಸದು ಒದರಿದ್ದು ಅಷ್ಟೇ ಅದ. ಕರುವಿನ ಹೊಟ್ಟಿ ತುಂಬೇ ಇಲ್ಲ ಅಂತ ಎಮ್ಮಿ ತಿಳಕೋತದ."

"ತಿಳಕೊಳ್ಳಲಿ ಬಿಡ್ರಿ. ಹೊಟ್ಟಿ ತುಂಬೈತಿ ಅಂತ ಗೊತ್ತಾದ್ರ ಹಾಲು ಯಾಕ ಬಿಡ್ತೈತಿ?"

ಕೋಣೆಗೆ ಬಂದು, ಆಕೆಗೆ ಕೊಟ್ಟ ಫೈಲನ್ನು ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಕೊನೆಯವರೆಗೆ ಕೇಳಿದೆ. ಕರು ಕೂಗುತ್ತದೆ, ನಿಲ್ಲಿಸುತ್ತದೆ, ಕೂಗುತ್ತದೆ. ಹಗ್ಗ ಬಿಚ್ಚಲೇ ಎಂದು ರೇಣವ್ವ ಕೇಳುತ್ತಾಳೆ. ಆಮೇಲೆ ನನ್ನ ದನಿ, ಮೈಕಿನ ಹತ್ತಿರವೇ: "ಈಗ ಬಿಡಬ್ಯಾಡ್ರಿ, ಇನ್ನ ಸ್ವಲ್ಪ ಒದರಲಿ."

ನಾಳೆಯಿಂದ ಎಮ್ಮೆ ಆ ಮಾತನ್ನೂ ಎರಡು ಹೊತ್ತು ಕೇಳಬೇಕು.