ಹಲ್ಲು ಮುರಿದ ಕ್ಯಾಸೆಟ್ಟು

ಶೈಲಾ,

ಸೂಡಿಗೆ ಹೊರಟಿದ್ದೇನೆ, ಸಂಜಿ ಬಸ್ಸಿಗೆ ಬರುತ್ತೇನೆ. ಬುಟ್ಟಿಯಲ್ಲಿ ರೊಟ್ಟಿ ಇವೆ. ಇಲಿಯಾಸನಿಗೂ ಕೊಡು, ಡ್ರಮ್ ಬಡಿದು ಬಡಿದು ಸೊರಗಿದ್ದಾನೆ.

ನಿಮ್ಮ ರಾಕ್ ಬ್ಯಾಂಡಿನ ಮೊದಲ ಕ್ಯಾಸೆಟ್ಟನ್ನು ನಿನ್ನೆ ಮಧ್ಯಾಹ್ನ ಒಬ್ಬಳೇ ಕೇಳಿದೆ. ಗಿಟಾರು ಗರಗರ, ನಿನ್ನ ದನಿ ಒಡಕು, ನಡುವೆ ಒಳಗೆ ನಾನು ರೊಟ್ಟಿ ಬಡಿಯುವ ಸದ್ದೂ ಅದರಲ್ಲಿ ತುಂಬಿದೆ. ಕಣ್ಣು ಮುಚ್ಚಿದರೆ ಅರಳೆಯ ರಾಶಿಯೊಳಗೆ ಮೆಲ್ಲಗೆ ಇಳಿದಂತಾಯಿತು.

“ಕಚ್ಚಾ ಐತಿ ಆಯಿ, ಇದರ ಮ್ಯಾಲೇ ಹೊಸಾದು ತುಂಬತೀವಿ” ಅಂದೆಯಲ್ಲ, ಅದಕ್ಕೇ ಕ್ಯಾಸೆಟ್ಟಿನ ತಲೆಯ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದಿದ್ದೇನೆ. ಇನ್ನು ಅದರ ಮೇಲೆ ತುಂಬಲು ಬರುವುದಿಲ್ಲ. ಸಿಟ್ಟಾಗಬೇಡ, ನನ್ನ ಭಜನೆ ಕ್ಯಾಸೆಟ್ಟಿನ ಮೇಲೆ ತುಂಬಿಕೊಳ್ಳಿರಿ.

ರಾತ್ರಿ ಶಾಲೆಯಲ್ಲಿ ಮೊದಲ ಸಲ ನನ್ನ ಹೆಸರು ಬರೆದಾಗ, ಸೊಟ್ಟಾಯಿತೆಂದು ಪಾಟಿ ಒರೆಸಿಬಿಟ್ಟೆ. ಈಗ ಎಷ್ಟು ಬರೆದರೂ ಹಾಗೆ ಸೊಟ್ಟ ಬರುವುದಿಲ್ಲ.

ಆಯಿ