ಮೂರೂರಿನ ಸಮಿತಿ

ಹುಣಸಿಕೊಪ್ಪ, ರಾಮದುರ್ಗ ತಾಲೂಕು
೧೪ ಡಿಸೆಂಬರ್ ೨೦೨೨

ಪ್ರೀತಿಯ ತಮ್ಮಾ ವಿರೂಪಾಕ್ಷ,

ದಕ್ಷಿಣ ಸುಡಾನಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುವುದು ನಿಂತಿತೇ? ಕೊತ್ತಂಬರಿ ಕಾಳು ನೆನೆಸಿದ ನೀರು ಕುಡಿ ಎಂದರೆ ಅಲ್ಲಿ ಎಲ್ಲಿಂದ ತರಲಿ ಎನ್ನುತ್ತೀ. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡ ನಿನ್ನ ಫೋಟೋವನ್ನು ಅವ್ವ ಬಂದವರಿಗೆಲ್ಲ ತೋರಿಸುತ್ತಾಳೆ. ನಾವಿಲ್ಲಿ ಆರಾಮ. ದನಗಳ ಮಾತು ಮಾತ್ರ ಬೇರೆ.

ಮಳೆಗಾಲದ ಮುಂಚೆ ಫೋನಿನಲ್ಲಿ ನಾವಿಬ್ಬರೂ ಜಗಳಾಡಿದ್ದೆವಲ್ಲ. “ರೋಗ, ಮಳಿ, ಬಿಸಲು ಯಾವ್ದೂ ಗಡಿ ಕೇಳಂಗಿಲ್ಲಕ್ಕಾ. ಇಡೀ ಜಗತ್ತಿಗೆ ಒಂದ ಸರಕಾರ ಬೇಕು. ಹೆದರಿಕಿ ಬಂದ್ರ ಮಂದಿ ತಾವ ಒಪ್ಪತಾರ” ಎಂದು ನೀನೆಂದಿದ್ದೆ. “ಜಿಲ್ಲಾ ಆಫೀಸಿನ ಸಾಹೇಬ್ರ ನಮ್ಮ ಕೈಗೆ ಸಿಗವಲ್ರು, ಇನ್ನ ಜಗತ್ತಿನ ಸರಕಾರ ಸಿಗತೈತೇನು?” ಎಂದು ನಾನು ಫೋನಿಟ್ಟಿದ್ದೆ. ನೀನು ಹೇಳಿದ್ದರಲ್ಲಿ ಅರ್ಧ ನಿಜವೆಂದು ಈಗ ಒಪ್ಪುತ್ತೇನೆ.

ನೀನಿರುವ ಆಫ್ರಿಕಾದ ಕಡೆಯಿಂದಲೇ ಹೊರಟದ್ದಂತೆ ಈ ಗಂಟುರೋಗ. ಎಷ್ಟೋ ದೇಶ ದಾಟಿ ನಮ್ಮ ಕೊಟ್ಟಿಗೆಗೆ ಬಂತು. ದನದ ಮೈತುಂಬ ಗಂಟು, ಬಾಯಲ್ಲಿ ಜೊಲ್ಲು. ಕರುವಿದ್ದಾಗಿನಿಂದ ನೀನು ಮೈ ತೊಳೆದು ಸಾಕಿದ ಕೆಂದ ಎತ್ತು ಹೋಯಿತು, ತಮ್ಮಾ. ನಿನಗೆ ಹೇಳಬೇಡ ಎಂದಿದ್ದಳು ಅವ್ವ. ಊರವರು ಹೆದರಿ ದಾರಿಗೆ ಅಡ್ಡವಾಗಿ ಜಾಲಿಮುಳ್ಳಿನ ಕಂಟಿ ಹಾಕಿದರು. ನೆರೆಯ ಎರಡೂ ಊರಿನವರು ಹಾಗೇ ಮಾಡಿದರು. ಕೆರೆ ನಮ್ಮ ಕಡೆ, ದನದ ದವಾಖಾನೆ ಅವರ ಕಡೆ. ನೆರೆಯೂರಿನ ಮುದುಕಿ ಕೆಂಚವ್ವ ಕಂಟಿಯ ಆಚೆ ನಿಂತು, “ನನ್ನ ಆಕಳಾ ಬಾಯಾರಿ ಸಾಯಾಕತ್ತೈತಿ, ಒಂದ ಕೊಡ ನೀರ ಕೊಡ್ರಿ” ಎಂದು ಅತ್ತಳು. ಯಾರೂ ಅಲುಗಲಿಲ್ಲ. ನೊಣ ಸೊಳ್ಳೆ ಹೊತ್ತು ತರುವ ರೋಗಕ್ಕೆ ಮುಳ್ಳಿನ ಬೇಲಿ ಏನು ಮಾಡೀತು? ನಾನೇ ಕಂಟಿ ಎಳೆದೊಗೆದೆ. ಸಿಕ್ಕಾಪಟ್ಟೆ ಬೈಸಿಕೊಂಡೆ.

ಕಡೆಗೆ ಮೂರೂರಿನವರು ಕೂಡಿ ಸಮಿತಿ ಮಾಡಿ, ಹಾಲಿನ ಡೇರಿಯ ಸಿದ್ದರಾಮಣ್ಣನನ್ನು ಅದರ ಮುಂದಾಳು ಮಾಡಿದೆವು. ಎಲ್ಲ ದನಕ್ಕೂ ಲಸಿಕೆ, ಬೇನೆ ಬಿದ್ದವಕ್ಕೆ ಊರ ಹೊರಗೆ ತಗಡಿನ ಶೆಡ್ಡು, ಕೆರೆಯ ನೀರಿಗೆ ಊರಿಗೊಂದು ಪಾಳಿ. ಅವನ ಮಾತನ್ನು ಎಲ್ಲರೂ ಕೇಳಿದರು. ರೋಗ ಇಳಿಯಿತು. ಸುಳ್ಳೇಕೆ, ಆಗ ನಿನ್ನನ್ನು ನೆನೆದೆ.

ಹೋದ ವಾರದ ಸಭೆಯಲ್ಲಿ ಸಿದ್ದರಾಮಣ್ಣ ಎದ್ದು ನಿಂತ. “ಮತ್ತೊಂದ ರೋಗ ಬಂದ್ರ ಏನ ಮಾಡ್ತೀರಿ? ಸಮಿತಿ ಕಾಯಂ ಇರ್ಲಿ. ಕೆರಿ, ದನಾ ಮೇಯೂ ಜಾಗಾ, ಸಂತಿ, ಎಲ್ಲಾ ಅದರ ಕೈಯಾಗಿರ್ಲಿ. ಆರಿಸೂ ಗದ್ದಲ ಬ್ಯಾಡ” ಎಂದ. ಸುತ್ತಲೂ ಕೈಗಳು ಎದ್ದವು. ಸತ್ತ ದನ ಕಣ್ಣ ಮುಂದಿರುವಾಗ ಮನುಷ್ಯ ಏನನ್ನಾದರೂ ಕೊಟ್ಟುಬಿಡುತ್ತಾನೆ. ಕೆಂಚವ್ವನೂ ಕೈ ಎತ್ತಿದ್ದಳು. ನಾನು ಎತ್ತಲಿಲ್ಲ.

“ಸಿದ್ದರಾಮಣ್ಣಾ, ನೀ ಚಲೋ ಮನಷ್ಯಾ. ನಾಳೆ ನೀ ತಪ್ಪಿದ್ರ ನಿನ್ನ ಇಳಸೂದು ಹೆಂಗ? ಅದನ್ನ ಮೊದಲ ಹೇಳು” ಎಂದೆ.

“ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ ಅಕ್ಕಾರ?”

“ಐತಿ. ನಿನ್ನ ಹಿಂದ ಬರಾವ್ರ ಮ್ಯಾಲ ಹೆಂಗ ಇಡ್ಲಿ?”

ಸಭೆಯೆಲ್ಲ ನನ್ನ ಮೇಲೆ ಹರಿಹಾಯಿತು. ಪಂಚಾಯಿತಿ ಅಧ್ಯಕ್ಷೆಯಾದ ನನ್ನ ಸಹಿಯಿಲ್ಲದೆ ಕೆರೆ ಸಮಿತಿಯ ಕೈ ಸೇರುವಂತಿಲ್ಲ. ನಾನು ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ. ಮುಂದೆ ಯಾರಾದರೂ ಹಾಕಿದರೆ ಕೋರ್ಟಿಗೆ ಹೋಗುತ್ತೇನೆ.

ನಿನ್ನ ಜಗತ್ತಿನ ಸರಕಾರ ಬಂದರೂ ಹೀಗೆಯೇ ಬರುತ್ತದೆ, ಹೆದರಿದವರ ಒಪ್ಪಿಗೆಯಿಂದ. ಬರಲಿ. ಕೂಡಿ ಮಾಡುವ ಕೆಲಸ ಕೂಡಿಯೇ ಆಗಬೇಕು. ಆದರೆ ಇಳಿಸುವ ದಾರಿ ಇರದ ಸರಕಾರಕ್ಕೆ ನಿನ್ನ ಅಕ್ಕ ಒಪ್ಪುವವಳಲ್ಲ. ನಿನ್ನ ದೊಡ್ಡ ಸಾಹೇಬರಿಗೂ ಹಾಗೆಂದು ಹೇಳು.

ಯಲ್ಲಮ್ಮ ತಾಯಿ ನಿನ್ನನ್ನು ಗುಂಡಿನಿಂದ, ಬಿಸಿಲಿನಿಂದ ಕಾಯಲಿ. ಅವ್ವ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ.

ನಿನ್ನ ಅಕ್ಕ,
ಭಾಗೀರಥಿ

ತಾ.ಕ.: ಈ ಕಾಗದ ಒಯ್ಯುವ ರಾಮದುರ್ಗದ ಬಸ್ಸು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ನನ್ನ ಮೇಲೆ ಅವಿಶ್ವಾಸ ಠರಾವು ತರುತ್ತಾರೆ. ಪಂಚಾಯಿತಿ ಸದಸ್ಯರೆಲ್ಲ ಸಿದ್ದರಾಮಣ್ಣನ ಕಡೆ, ನಾನು ಇಳಿಯುವುದು ಖಂಡಿತ. ರಾಜೀನಾಮೆ ಕೊಡು ಎಂದು ಅವ್ವ ಅಳುತ್ತಾಳೆ; ಕೊಡುವುದಿಲ್ಲ, ಎದುರಿಗೇ ಕೂತಿರುತ್ತೇನೆ, ಇಳಿಸಲಿ. ನೀನು ಬೇಸರ ಮಾಡಬೇಡ. ನನ್ನನ್ನು ಇಳಿಸುವ ದಾರಿ ಅವರಿಗಿದೆಯಲ್ಲ, ನಾನು ಉಳಿಸಲು ಹೊರಟದ್ದು ಅದನ್ನೇ.