ಕಪಾಟಿನೊಳಗೆ ಬಂದಿಯಾಗಿರುವ ಡಬ್ಬಿ

ಸೇಡಂ
14 ಡಿಸೆಂಬರ್ 1978

ನಮ್ಮ ವಸತಿ ನಿಲಯದ ಮಾನ್ಯ ವಾರ್ಡನ್ ಸಾಹೇಬರೇ,

ತಮ್ಮ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಭಾನುವಾರದಿಂದ ಒಂದು ಸ್ಟೀಲ್ ಡಬ್ಬಿ ಬಂಧನದಲ್ಲಿದೆ. ಅದರ ಜೊತೆ ನನ್ನ ಹಾಸ್ಟೆಲ್ ಸೀಟೂ ಅರ್ಧ ಒಳಗೆ ಸೇರಿದೆ. ಶನಿವಾರ ಸಂಜೆಯೊಳಗೆ ನಾನು ಎರಡು ವಾಕ್ಯದ ಕ್ಷಮಾಪಣೆಗೆ ಸಹಿ ಹಾಕದಿದ್ದರೆ ಸೀಟು ರದ್ದು ಎಂದು ತಾವು ನೋಟಿಸ್ ಬೋರ್ಡಿಗೆ ಅಂಟಿಸಿದ್ದೀರಿ. ನೂರು ಮಂದಿ ಓದಿದ ನೋಟಿಸಿಗೆ ಗುಟ್ಟಾಗಿ ಉತ್ತರ ಕೊಡುವುದು ಚೆನ್ನಾಗಿರುವುದಿಲ್ಲವಾದ್ದರಿಂದ ಈ ಪತ್ರವನ್ನೂ ಅದೇ ಬೋರ್ಡಿಗೆ, ತಮ್ಮ ನೋಟಿಸಿನ ಪಕ್ಕದಲ್ಲೇ ಅಂಟಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಉದ್ಧಟತನ ಎಂದುಕೊಳ್ಳಬೇಡಿ. ಟ್ರಂಕಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಷ್ಟೆ.

ಜುಲೈ ತಿಂಗಳಲ್ಲಿ ಫಸ್ಟ್ ಇಯರ್‌ನವರನ್ನು ಕೂಡಿಸಿ ತಾವು ಮಾಡಿದ ಭಾಷಣ ನನಗೆ ಬಾಯಿಪಾಠವಿದೆ. ನೋಟ್ಸಿನಲ್ಲಿ ಮುಖ್ಯವಾದದ್ದಕ್ಕೆಲ್ಲ ಅಡಿಗೆರೆಯನ್ನೂ ಹಾಕಿದ್ದೇನೆ. "ವಿದೇಶಕ್ಕೆ ಹೋಗದೆ ಅನ್ಯ ಸಂಸ್ಕೃತಿಗಳನ್ನು ಅರಿಯುವ ಮಾರ್ಗಗಳು" ಎಂಬುದು ಈ ವರ್ಷದ ಬಹುಮಾನದ ಪ್ರಬಂಧದ ವಿಷಯ ಎಂದಿರಿ. ಮಾರ್ಗಗಳನ್ನೂ ತಾವೇ ಹೇಳಿದಿರಿ: ರೇಡಿಯೋ ಕೇಳಿ, ವಿಶ್ವಕೋಶ ಓದಿ, ಪರದೇಶದ ಪತ್ರಮಿತ್ರರಿಗೆ ಬರೆಯಿರಿ. ನಾನು ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನು. ವಾರ್ಡನ್ ಹೇಳಿದ್ದನ್ನು ಮಾಡದಿದ್ದರೆ ನನಗೆ ಊಟ ಇಳಿಯುವುದಿಲ್ಲ. ರೇಡಿಯೋ ತಮ್ಮ ಕೋಣೆಯಲ್ಲಿದೆ. ವಿಶ್ವಕೋಶದ ಬೀರುವಿನ ಕೀಲಿ ತಮಗಿಂತ ಹಿಂದಿನ ವಾರ್ಡನ್ ಜೊತೆ ವರ್ಗವಾಗಿ ಹೋಗಿದೆ. ಹಾಗಾಗಿ ಮೂರನೆಯ ಮಾರ್ಗ ಹಿಡಿದೆ. ಒಂದು ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ವಿಳಾಸ ಹುಡುಕಿ, ಪೋಲಂಡ್ ದೇಶದ ಹಾನಾ ಎಂಬ ವಿದ್ಯಾರ್ಥಿನಿಗೆ ಭಾರತದ ಸಂಸ್ಕೃತಿಯನ್ನು ಗೈಡ್‌ಬುಕ್ಕಿನಿಂದ ನಾಲ್ಕು ಪುಟ ಇಳಿಸಿ ಕಳಿಸಿದೆ. ಆನೆ, ಯೋಗ, ಹಿಮಾಲಯ, ಎಲ್ಲ ಇತ್ತು. ಐನಾಪುರದಲ್ಲಿ ಹುಟ್ಟಿದ ನಾನು ಇವತ್ತಿನವರೆಗೆ ಆನೆ ನೋಡಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ.

ನವೆಂಬರಿನಲ್ಲಿ ಉತ್ತರ ಬಂತು. ಹುಡುಗಿ ಬಲು ಖಡಕ್. "ಇದೆಲ್ಲ ನಮ್ಮ ಲೈಬ್ರರಿಯ ಪುಸ್ತಕದಲ್ಲಿದೆ. ನಿನ್ನ ಗೋಡೆಯ ಆಚೆ ಯಾರಿದ್ದಾರೆ? ಅವರು ಭಾನುವಾರ ಏನು ಉಣ್ಣುತ್ತಾರೆ?" ಎಂದು ಕೇಳಿದ್ದಳು.

ಸಾಹೇಬರೇ, ನನಗೆ ಬೆವರು ಬಂತು. ನಮ್ಮ ಗೋಡೆಯ ಆಚೆ ದರ್ಜಿ ಮಜೀದಸಾಬರ ಮನೆ. ನಮ್ಮ ಅಂಗಿಗಳೆಲ್ಲ ಆ ಗೋಡೆಯ ಮೇಲಿಂದಲೇ ಹೋಗಿ ಗುಂಡಿ ಹಚ್ಚಿಸಿಕೊಂಡು ಬರುತ್ತವೆ. ನಾವು ಮಾತ್ರ ಹೋಗಿರಲಿಲ್ಲ. ತಮ್ಮ ನೋಟಿಸಿನಲ್ಲಿ ಅವರನ್ನು "ಹಿಂಬದಿ ಮನೆಯ ವ್ಯಕ್ತಿ" ಎಂದು ಕರೆದಿದ್ದೀರಿ. ಎಂಟು ವರ್ಷದಿಂದ ತಮ್ಮ ಪ್ಯಾಂಟುಗಳನ್ನು ಹೊಲಿಯುತ್ತಿರುವವರು ಅವರೇ. ತಮ್ಮ ಸೊಂಟ ಯಾವ ವರ್ಷ ಎಷ್ಟು ಇಂಚು ಬೆಳೆಯಿತೆಂದು ಅವರಿಗೆ ಗೊತ್ತು. ಅವರ ಹೆಸರು ತಮಗೆ ಗೊತ್ತಿಲ್ಲ. ತಮ್ಮಿಬ್ಬರಲ್ಲಿ ಅನ್ಯ ಸಂಸ್ಕೃತಿಯನ್ನು ಹೆಚ್ಚು ಅಭ್ಯಾಸ ಮಾಡಿದವರು ಯಾರು?

ಭಾನುವಾರ ಮಧ್ಯಾಹ್ನ ಗೇಟಿಗೆ ಕೀಲಿ ಇತ್ತು. ಪರ್ಮಿಷನ್ ಕೇಳೋಣವೆಂದರೆ ತಾವು ಮಲಗಿದ್ದಿರಿ. ಗೋಡೆ ಹಾರಿದೆ. ಇದು ತಪ್ಪು, ಒಪ್ಪುತ್ತೇನೆ.

ಮಜೀದಸಾಬರು ಮಷೀನಿನ ಮುಂದೆ ಕೂತಿದ್ದರು. "ಯಾಕೋ ತಮ್ಮಾ, ಮತ್ತ ಗುಂಡಿ ಹೋತೇನು?" ಎಂದರು.

"ಇಲ್ಲರಿ ಚಾಚಾ. ನಿಮ್ಮ ಕಲ್ಚರ್ ತಿಳ್ಕೊಳ್ಳಾಕ ಬಂದೀನಿ."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೊಮ್ಮೆ ನೋಡಿ ಒಳಗೆ ಕೂಗಿದರು: "ಏ ಬೇಗಂ, ಹಾಸ್ಟೆಲ್ ಹುಡುಗ ನಮ್ಮ ಕಲ್ಚರ್ ನೋಡಾಕ ಬಂದಾನ. ಎಲ್ಲಿಟ್ಟೀದಿ?"

"ಒಲಿ ಮ್ಯಾಲ ಅದ, ಇನ್ನಾ ಕುದಿಲಿಕತ್ತದ," ಎಂದು ಒಳಗಿನಿಂದ ಖುರ್ಷಿದಬೇಗಂ ಅವರ ದನಿ. "ಕುಂದ್ರು ಅನ್ರಿ!"

ಕುದಿಯುತ್ತಿದ್ದದ್ದು ಖಿಚಡಿ. ಅದರ ಜೊತೆಗೆ ಹುಣಸೆಹುಳಿ, ಎಳ್ಳು, ಉಳ್ಳಾಗಡ್ಡಿ ಕೂಡಿಸಿದ ಖಟ್ಟಾ. ನೆಲಕ್ಕೆ ಬಟ್ಟೆ ಹಾಸಿ ನಡುವೆ ಒಂದೇ ದೊಡ್ಡ ತಾಟು ಇಟ್ಟರು. ಸುತ್ತ ಮಜೀದಸಾಬರು, ಅವರ ಮಗ ಅಬ್ದುಲ್ ಸಲಾಂ, ನಾನು. ನನಗೆ ಗಾಬರಿ. ನಮ್ಮ ಮೆಸ್ಸಿನಲ್ಲಿ ತಲೆಗೆ ಎರಡು ರೊಟ್ಟಿ, ಒಂದು ಸೌಟು ಬ್ಯಾಳಿ ಎಂದು ಗೋಡೆಯ ಮೇಲೇ ಬರೆದಿದೆಯಲ್ಲ. ಇಲ್ಲಿ ಎಲ್ಲೂ ಬರೆದಿರಲಿಲ್ಲ. "ಚಾಚಾ, ಇದರಾಗ ನನ್ನ ಪಾಲು ಎಷ್ಟರಿ?" ಎಂದು ಕೇಳಿಯೇಬಿಟ್ಟೆ.

"ಪಾಲು ಕೇಳಾಕ ಇದೇನು ಹೊಲ ಏನೋ? ಉಣ್ಣು ಸುಮ್ನ!" ಎಂದರು. ಅಬ್ದುಲ್ ಸಲಾಂ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು. ಉಂಡಾದ ಮೇಲೆ ಅಭ್ಯಾಸಬಲದಿಂದ ಆ ತಾಟನ್ನು ಎತ್ತಿಕೊಂಡು ಸೀದಾ ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ತಿಕ್ಕತೊಡಗಿದೆ. ಖುರ್ಷಿದಬೇಗಂ ಓಡಿ ಬಂದರು.

"ಅಯ್ ಅಲ್ಲಾ! ಮೆಹಮಾನ್ ಆದಾಂವ ತಾಟ್ ತಿಕ್ಕತಾನಲ್ಲಾ! ಓಣಿ ಮಂದಿ ನೋಡಿದ್ರ ನನಗ ಏನಂದಾರು? ಬಿಡು, ಬಿಡು!"

ತಾಟಿನ ಒಂದು ಅಂಚು ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಹಾಸ್ಟೆಲ್‌ನಾಗ ಎಲ್ಲರೂ ತಿಕ್ಕತೀವ್ರಿ ಚಾಚಿ, ನಾ ಐದನೇ ಕ್ಲಾಸಿನಿಂದ ಅಲ್ಲೇ ಅದೀನಿ," ಎಂದೆ.

ಅವರು ಎಳೆಯುವುದನ್ನು ನಿಲ್ಲಿಸಿದರು. "ಅಂದ್ರ ಎಂಟೊಂಬತ್ತು ವರ್ಷದಿಂದ ನೀ ಯಾರ ಮನ್ಯಾಗೂ ಮೆಹಮಾನ್ ಆಗಿಲ್ಲೇನು ಬೇಟಾ?"

ಸಾಹೇಬರೇ, ತಾಟನ್ನು ನಾನು ಅವರ ಕೈಗೆ ಬಿಟ್ಟುಕೊಟ್ಟೆ. ಉಳಿದ ಖಟ್ಟಾವನ್ನು ಅವರು ಡಬ್ಬಿಗೆ ತುಂಬಿ ಕೊಟ್ಟರು. ಮುಚ್ಚಳದ ಮೇಲೆ ಉರ್ದುವಿನಲ್ಲಿ ಅವರ ಹೆಸರು ಕೊರೆದಿದೆ. ಹಿಂದಿರುಗಿ ಗೋಡೆ ಹಾರುವಾಗ ಮೊದಲು ಡಬ್ಬಿ ಇಳಿಯಿತು, ಆಮೇಲೆ ನಾನು, ಇಬ್ಬರೂ ತಮ್ಮ ಚಪ್ಪಲಿಯ ಮುಂದೆ. "ಏನೋ ಇದರಲ್ಲಿ?" ಎಂದಿರಿ. ಹೆದರಿಕೆಯಲ್ಲಿ ನನ್ನ ಬಾಯಿಂದ "ಕಲ್ಚರ್ ಸರ್" ಎಂದು ಬಂತು. ನೋಟಿಸಿನಲ್ಲಿ ಇದು "ಅಧಿಕಾರಿಗೆ ಉದ್ಧಟ ಉತ್ತರ" ಎಂದು ದಾಖಲಾಗಿದೆ. ಬಹುಮಾನದ ಸ್ಪರ್ಧೆಯಲ್ಲಿ ಇದೇ ಮಾತನ್ನು ಮೂರು ಪುಟಕ್ಕೆ ಎಳೆದಿದ್ದರೆ ಎಷ್ಟು ಮಾರ್ಕ್ಸ್ ಕೊಡುತ್ತಿದ್ದಿರಿ?

ಇನ್ನೊಂದು ಮಾರ್ಗವನ್ನು ತಾವು ಭಾಷಣದಲ್ಲಿ ಬಿಟ್ಟಿರಿ, ಬಹುಶಃ ಸಂಕೋಚದಿಂದ: ತಮ್ಮನ್ನು ನೋಡುವುದು. ತಾವು ಮೈಸೂರು ಕಡೆಯವರು. ಕಾಫಿ ಸೋಸುವ ತಮ್ಮ ಹಿತ್ತಾಳೆ ಪಾತ್ರೆಯನ್ನು ಕಿಟಕಿಯಿಂದ ನೋಡಲು ಏಳನೇ ಕೋಣೆಯಲ್ಲಿ ಪಾಳಿ ಹಚ್ಚಿದ್ದೇವೆ. ತಾವು "ಕೂತ್ಕೊಳಿ" ಎಂದಾಗ ಬೈದಿರೋ ಕರೆದಿರೋ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಎಂಟು ವರ್ಷವಾದರೂ ಜೋಳದ ರೊಟ್ಟಿಯನ್ನು ತಾವು ಚಮಚದಿಂದ ಮುರಿಯಲು ನೋಡುತ್ತೀರಿ. ನಾವ್ಯಾರೂ ತಮಗೆ ನೋಟಿಸ್ ಕೊಟ್ಟಿಲ್ಲವಲ್ಲ?

ಈಗ ಆ ಎರಡು ವಾಕ್ಯ. "ಅನುಮತಿಯಿಲ್ಲದೆ ಗೋಡೆ ಹಾರಿದ್ದಕ್ಕೆ ಕ್ಷಮೆ ಕೋರುತ್ತೇನೆ." ಇದಕ್ಕೆ ಇಂದೇ ಸಹಿ ಹಾಕುತ್ತೇನೆ. "ಇನ್ನು ಮುಂದೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ." ಇದಕ್ಕೆ ಆಗುವುದಿಲ್ಲ. ಸೀಟು ಹೋದರೆ ಸೇಡಂನಲ್ಲಿ ನನಗೆ ಇನ್ನೊಂದು ನೆಲೆಯಿಲ್ಲ, ಐನಾಪುರದ ಬಸ್ಸು ಹತ್ತಬೇಕು, ಓದು ಅಲ್ಲಿಗೇ ಮುಗಿಯುತ್ತದೆ. ಆದರೂ ಆಗುವುದಿಲ್ಲ. ಅವರ ಡಬ್ಬಿಯ ಋಣ ನನ್ನ ಮೇಲಿದೆ. ಐನಾಪುರದ ನಮ್ಮ ಓಣಿಯಲ್ಲಾಗಲಿ ಮಜೀದಸಾಬರ ಓಣಿಯಲ್ಲಾಗಲಿ, ಬಂದ ಡಬ್ಬಿಯನ್ನು ಯಾರೂ ಖಾಲಿ ತಿರುಗಿಸುವುದಿಲ್ಲ, ಏನಾದರೂ ಹಾಕಿಯೇ ಕೊಡುತ್ತಾರೆ. ನನ್ನ ಬಳಿ ಹಾಕಲು ಏನಿದೆ? ಎರಡು ರೊಟ್ಟಿ, ಒಂದು ಸೌಟು ಬ್ಯಾಳಿ.

ಆದ್ದರಿಂದ ನನ್ನ ಬೇಡಿಕೆ. ಕಪಾಟು ತೆರೆಯಿರಿ. ಆಫೀಸಿನ ಬಾಗಿಲಿನಿಂದ ಇರುವೆಗಳು ಸಾಲುಗಟ್ಟಿ ವಿಚಾರಣೆಗೆ ಹೊರಟಿವೆ, ಖಟ್ಟಾದ ಗತಿ ಏನಾಗಿದೆಯೋ. ಡಬ್ಬಿ ತೊಳೆಸಿ (ಬೇಕಾದರೆ ನಾನೇ ತಿಕ್ಕುತ್ತೇನೆ, ಅಭ್ಯಾಸವಿದೆ) ಅದರ ತುಂಬ ತಮ್ಮ ಮನೆಯ ಹುಳಿಪುಡಿ ಹಾಕಿಸಿ. ನಾನು ಹೊರಡುವಾಗ ಖುರ್ಷಿದಬೇಗಂ ಗೋಡೆಯ ತನಕ ಬಂದು ಕೇಳಿದ್ದು ಇದನ್ನೇ: "ನಿಮ್ಮ ಸಾಹೇಬ್ರ ಅಡಗಿಮನಿಯಿಂದ ಮೆಂತ್ಯಾ ಹುರಿದ ಘಮ ಬರ್ತದಲ್ಲ, ಏನು ಮಾಡ್ತಾರ ಅದರಾಗ? ಎಂಟು ವರ್ಷ ಆತು ನೋಡು, ಕೇಳಬೇಕಂತೀನಿ, ಹೆಂಗ ಕೇಳೂದು?"

ಡಬ್ಬಿಯನ್ನು ತಾವೇ ಕೊಂಡೊಯ್ಯಿರಿ. ಗೇಟಿನ ಕೀಲಿ ತಮ್ಮ ಬಳಿಯೇ ಇದೆ, ಗೋಡೆ ಹಾರಬೇಕಿಲ್ಲ. ಉಂಡ ಮೇಲೆ ತಾಟು ಮಾತ್ರ ಎತ್ತಬೇಡಿ. ಹಾನಾಳಿಗೆ ನಾನಿನ್ನೂ ಉತ್ತರ ಬರೆದಿಲ್ಲ. ಗೋಡೆಯ ಎರಡೂ ಬದಿಯ ಸುದ್ದಿ ಸಿಗಲಿ ಎಂದು ಕಾಯುತ್ತಿದ್ದೇನೆ.

ಇಂತಿ,
ತಮ್ಮ ಭಾಷಣವನ್ನು ನಂಬಿ ಕೆಟ್ಟ ಏಕೈಕ ವಿದ್ಯಾರ್ಥಿ,
ಭೀಮಶ್ಯಾ ಧರ್ಮಣ್ಣ
ಕೋಣೆ ನಂಬರ್ ಏಳು (ಶನಿವಾರ ಸಂಜೆಯವರೆಗೆ)